ಗುರುತು ಉಳಿಸದ ಬಿಡಿಭಾಗ: ಅತಿವೇಗದ ವಿಮಾನ ಅಪಘಾತವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

1994ರ ಸೆಪ್ಟೆಂಬರ್ 8ರ ಸಂಜೆ ಏಳು ಗಂಟೆ ಮೂರು ನಿಮಿಷಕ್ಕೆ, ಶಿಕಾಗೊದಿಂದ ಹೊರಟು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಇಳಿಯಲು ಸಿದ್ಧವಾಗುತ್ತಿದ್ದ ಬೋಯಿಂಗ್ 737-300 ವಿಮಾನವೊಂದು, ನಿಲ್ದಾಣ ಇನ್ನು ಕೆಲವೇ ಮೈಲಿ ದೂರವಿರುವಾಗ, ಮರಗಳಿಂದ ತುಂಬಿದ ಗುಡ್ಡವೊಂದಕ್ಕೆ ಅಪ್ಪಳಿಸಿ ನುಚ್ಚುನೂರಾಯಿತು. ಅದರಲ್ಲಿದ್ದ 132 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶ ಶುಭ್ರವಾಗಿತ್ತು, ಗಾಳಿ ಶಾಂತವಾಗಿತ್ತು, ಎಂಜಿನ್‌ಗಳ ಬಗ್ಗೆ ಪೈಲಟ್‌ಗಳಿಂದ ಯಾವ ದೂರೂ ಬಂದಿರಲಿಲ್ಲ. ಇದೇ ಮಾದರಿಯ ನೂರಾರು ವಿಮಾನಗಳು ಆ ಹೊತ್ತಿನಲ್ಲೂ ಜಗತ್ತಿನ ಮೂಲೆಮೂಲೆಗಳಲ್ಲಿ ಹಾರುತ್ತಿದ್ದವು.

ಈ ಅಪಘಾತದ ಪೂರ್ಣ ದಾಖಲೆ ಸಾರ್ವಜನಿಕವಾಗಿಯೇ ಇದೆ. ಆದರೂ ವಿಮಾನ ಸಂಸ್ಥೆಯ ಹೆಸರನ್ನಾಗಲಿ, ಪೈಲಟ್‌ಗಳ ಮತ್ತು ತನಿಖೆಯಲ್ಲಿ ದುಡಿದ ಎಂಜಿನಿಯರುಗಳ ಹೆಸರುಗಳನ್ನಾಗಲಿ ಇಲ್ಲಿ ಬಳಸಿಲ್ಲ. ಈ ಅಧ್ಯಯನದ ಕೇಂದ್ರದಲ್ಲಿರುವುದು ಒಂದು ವಾಲ್ವ್. ಅದು ಅವಶೇಷಗಳ ರಾಶಿಯಿಂದ ಹೆಚ್ಚುಕಡಿಮೆ ಇಡಿಯಾಗಿ ಹೊರಬಂದು, ಪರೀಕ್ಷೆಯ ಮೇಜಿನ ಮೇಲೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ ತೋರಿಸಿ, ಎರಡು ವರ್ಷ ಕಾಲ ತನಿಖೆಯನ್ನು ಅಲ್ಲಿಂದಲ್ಲಿಗೇ ತಿರುಗಿಸಿತು. ಅತಿವೇಗದ ಅಪಘಾತದಲ್ಲಿ ಅವಶೇಷಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ತಿಳಿದಿಲ್ಲ.

28 ಸೆಕೆಂಡು

ವಿಮಾನ ಸುಮಾರು 6,000 ಅಡಿ ಎತ್ತರದಲ್ಲಿ, 190 ನಾಟ್ (ಗಂಟೆಗೆ ಸುಮಾರು 220 ಮೈಲಿ) ವೇಗದಲ್ಲಿ ನೆಟ್ಟಗೆ ಹಾರುತ್ತಿತ್ತು. ಅದಕ್ಕಿಂತ ನಾಲ್ಕು ಮೈಲಿಗೆ ತುಸು ಹೆಚ್ಚು ಮುಂದೆ ಬೋಯಿಂಗ್ 727 ಒಂದು ಹೋಗಿತ್ತು. ಪ್ರತಿ ವಿಮಾನವೂ ತನ್ನ ರೆಕ್ಕೆಗಳ ತುದಿಯಿಂದ ಗಾಳಿಯ ಸುಳಿಗಳನ್ನು ಹಿಂದೆ ಬಿಟ್ಟು ಹೋಗುತ್ತದೆ, ಮತ್ತು ಅವು ನಿಧಾನವಾಗಿ ಕೆಳಗಿಳಿಯುತ್ತಾ ಕೆಲವು ನಿಮಿಷ ಗಾಳಿಯಲ್ಲೇ ಉಳಿಯುತ್ತವೆ. ನಮ್ಮ ವಿಮಾನ ಆ ಸುಳಿಗಳಿಗೆ ಸಿಕ್ಕಿ ಎಡಕ್ಕೆ ವಾಲಿತು. ಇಷ್ಟು ಯಾವ ಪೈಲಟ್‌ಗೂ ಹೊಸದಲ್ಲ. ಆದರೆ ವಾಲಿದ್ದನ್ನು ಸರಿಪಡಿಸುವ ಹೊತ್ತಿಗೆ ಮೂತಿ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿತು, ವಿಮಾನ ಎಡಮಗ್ಗುಲಾಗಿ ಉರುಳತೊಡಗಿತು, ಎತ್ತುವ ಶಕ್ತಿಯನ್ನು ಕಳೆದುಕೊಂಡು ನೆಲದತ್ತ ಧುಮುಕಿತು. ಸುಳಿ ತಾಕಿದ ಕ್ಷಣದಿಂದ ನೆಲಕ್ಕೆ ಬಡಿಯುವವರೆಗೆ ಸುಮಾರು 28 ಸೆಕೆಂಡು. ಬಡಿಯುವಾಗ ಮೂತಿ ಸುಮಾರು 80 ಡಿಗ್ರಿ ಕೆಳಮುಖವಾಗಿತ್ತು, ಎಡರೆಕ್ಕೆ ಸುಮಾರು 60 ಡಿಗ್ರಿ ಕೆಳಗಿತ್ತು, ವೇಗ ಗಂಟೆಗೆ ಸುಮಾರು 300 ಮೈಲಿ.

ಈ ವೇಗವನ್ನು ಒಂದು ಕ್ಷಣ ಗಮನಿಸಬೇಕು. ಇಂಥ ವಿಮಾನ ರನ್‌ವೇ ಮುಟ್ಟುವಾಗಿನ ವೇಗ ಇದರ ಅರ್ಧದಷ್ಟು. ವೇಗ ಇಮ್ಮಡಿಯಾದರೆ ಬಡಿತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೂತಿ ಮೊದಲು ನೆಲಕ್ಕೆ ತಾಕಿ ನಿಲ್ಲುತ್ತದೆ, ಅದರ ಹಿಂದಿನ ಭಾಗ ಅದರ ಮೇಲೆ ಬಂದು ಬೀಳುತ್ತದೆ, ಅದರ ಹಿಂದಿನದು ಇನ್ನೂ ಮೇಲೆ. ಹೀಗೆ ಮೂವತ್ತು ಮೀಟರಿಗೂ ಮಿಗಿಲಾದ ಯಂತ್ರವೊಂದು ತನ್ನೊಳಗೆ ತಾನೇ ಮಡಚಿಕೊಂಡು ಒಡೆಯುವುದಕ್ಕೆ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತೂ ಬೇಕಾಗುವುದಿಲ್ಲ. ಆದ್ದರಿಂದಲೇ ಇಂಥ ಸ್ಥಳಗಳಲ್ಲಿ ಕಾಕ್‌ಪಿಟ್ಟಿನ ಗುರುತೇ ಸಿಗದಿದ್ದರೂ ಬಾಲದ ಭಾಗ ಕಣ್ಣಿಗೆ ಬೀಳುವಷ್ಟು ಉಳಿದಿರುತ್ತದೆ. ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಗುಡ್ಡದ ಮೇಲೆ

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತಂಡ ಸ್ಥಳಕ್ಕೆ ಬಂದಾಗ ಅಲ್ಲಿ ವಿಮಾನವೆಂದು ಕರೆಯಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಮನುಷ್ಯದೇಹಗಳ ಸ್ಥಿತಿಯೂ ಅದೇ ಆಗಿದ್ದರಿಂದ ಇಡೀ ಗುಡ್ಡವನ್ನು ಜೈವಿಕ ಅಪಾಯದ ಪ್ರದೇಶವೆಂದು ಘೋಷಿಸಲಾಯಿತು. ತನಿಖೆಗಾರರು ಸೆಪ್ಟೆಂಬರಿನ ಸೆಕೆಯಲ್ಲಿ ಮೈಪೂರ್ತಿ ಮುಚ್ಚುವ ರಕ್ಷಾಕವಚ ತೊಟ್ಟು, ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡು ತುಣುಕು ಹೆಕ್ಕಿದರು. ಹೊರತೆಗೆದ ಭಾಗಗಳನ್ನು ಸೋಂಕು ನಿವಾರಕದಿಂದ ತೊಳೆದ ಮೇಲೆಯೇ ಹ್ಯಾಂಗರಿಗೆ ಸಾಗಿಸಿ, ನೆಲದ ಮೇಲೆ ವಿಮಾನದ ಆಕಾರದಲ್ಲಿ ಜೋಡಿಸತೊಡಗಿದರು. ವಿವರ ಅನಗತ್ಯವೆನಿಸಬಹುದು, ಆದರೆ ಸಾಕ್ಷ್ಯ ಸಂಗ್ರಹ ಎಂಬ ಒಣ ಮಾತಿನ ಹಿಂದೆ ಎಂಥ ಕೆಲಸ ಇರುತ್ತದೆ ಎಂಬುದು ಓದುಗರಿಗೆ ತಿಳಿದಿರಲಿ.

ಅತಿವೇಗದ ಅಪಘಾತದ ಸ್ಥಳದಲ್ಲಿ ಮೊದಲು ಹುಡುಕುವುದು ವಿಮಾನದ ನಾಲ್ಕು ತುದಿಗಳನ್ನು: ಮೂತಿ, ಬಾಲ, ಎರಡು ರೆಕ್ಕೆಗಳ ಕೊನೆ. ನಾಲ್ಕೂ ಒಂದೇ ಕಡೆ ಸಿಕ್ಕರೆ ವಿಮಾನ ನೆಲ ಮುಟ್ಟುವವರೆಗೆ ಇಡಿಯಾಗಿತ್ತೆಂದು ಅರ್ಥ. ಒಂದು ತುದಿ ಮೈಲಿಗಳಾಚೆ ಬಿದ್ದಿದ್ದರೆ ಆಕಾಶದಲ್ಲೇ ಏನೋ ಮುರಿದಿದೆ. ಮಣ್ಣಿನಲ್ಲಿ ಮೂಡಿದ ಗುಂಡಿಯ ಆಕಾರವೂ ಓದಲು ಸಿಗುತ್ತದೆ: ಮೆತ್ತನೆಯ ನೆಲದಲ್ಲಿ ರೆಕ್ಕೆಯ ಅಂಚು ಗೀರಿದ ಗೆರೆ, ಅದರ ಒಂದು ಕೊನೆಯಲ್ಲಿ ಎಡರೆಕ್ಕೆಯ ದೀಪದ ಕೆಂಪು ಗಾಜಿನ ಚೂರು, ಇನ್ನೊಂದು ಕೊನೆಯಲ್ಲಿ ಬಲರೆಕ್ಕೆಯ ಹಸಿರು ಚೂರು ಸಿಕ್ಕರೆ, ವಿಮಾನ ಯಾವ ಮಗ್ಗುಲಾಗಿ ಬಂತೆಂದು ಗಾಜೇ ಹೇಳುತ್ತದೆ. ಮರಗಳ ಕೊಂಬೆಗಳು ಯಾವ ಎತ್ತರದಲ್ಲಿ ಕತ್ತರಿಸಿಹೋಗಿವೆ ಎಂಬುದರಿಂದ ಇಳಿದ ಕೋನ ತಿಳಿಯುತ್ತದೆ. ಈ ಪ್ರಕರಣದಲ್ಲಿ ನಾಲ್ಕೂ ತುದಿಗಳು ಗುಡ್ಡದ ಮೇಲೆಯೇ ಸಿಕ್ಕವು. ಹಗುರವಾದ ಕಾಗದ, ಒಳಪದರದ ಹತ್ತಿಯಂಥ ವಸ್ತುಗಳು ಮಾತ್ರ ಗಾಳಿಗೆ ಹಾರಿ ದೂರ ಹೋಗಿದ್ದವು. ವಿಮಾನ ಇಡಿಯಾಗಿಯೇ ಬಂದು ಬಿದ್ದಿತ್ತು.

ಬೆಂಕಿಯ ವಿಚಾರದಲ್ಲೂ ಇಂಥದೇ ಲೆಕ್ಕ. ಹಾರುವಾಗಲೇ ಬೆಂಕಿ ಹತ್ತಿದ್ದರೆ ಮಸಿ ಗಾಳಿಯ ಹರಿವಿನ ಜೊತೆ ಹಿಂದಕ್ಕೆ ಗೆರೆಗೆರೆಯಾಗಿ ಹಿಡಿದಿರುತ್ತದೆ. ಬಿದ್ದ ಮೇಲೆ ಹತ್ತಿದ ಬೆಂಕಿಯ ಮಸಿ ಸುಮ್ಮನೆ ಮೇಲಕ್ಕೇರಿ ಕೂರುತ್ತದೆ. ಒಂದು ತಗಡಿನ ಹೊರಮೈ ಕಪ್ಪಾಗಿದ್ದು ಅದರ ಮುರಿದ ಅಂಚು ಬೆಳ್ಳಗೆ ಹೊಳೆಯುತ್ತಿದ್ದರೆ ಮುರಿಯುವ ಮೊದಲೇ ಅದು ಸುಟ್ಟಿತ್ತು. ಮುರಿದ ಅಂಚಿನ ಮೇಲೂ ಮಸಿ ಕೂತಿದ್ದರೆ ಬೆಂಕಿ ಆಮೇಲಿನದು. ಲೋಹದ ಅಂಚು ಇದಕ್ಕಿಂತಲೂ ಹೆಚ್ಚು ಹೇಳಬಲ್ಲದು. ಒಂದೇ ಏಟಿಗೆ ಹರಿದ ಅಲ್ಯುಮಿನಿಯಂ ಸಾಮಾನ್ಯವಾಗಿ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಸೀಳುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಳಲಿ ಬಿರುಕುಬಿಟ್ಟ ಲೋಹದ ಮೇಲಾದರೋ, ಅಲೆ ಹಿಂದೆ ಸರಿದ ಮರಳಿನ ಮೇಲಿನ ಗೆರೆಗಳಂತೆ ಒಂದರ ಪಕ್ಕ ಒಂದು ಬಾಗಿದ ರೇಖೆಗಳು ಕಾಣುತ್ತವೆ. ಗುಡ್ಡದ ಮೇಲೆ ಸಿಕ್ಕ ಮುರಿತಗಳು ಮೊದಲ ಬಗೆಯವು, ನೆಲದ ಏಟಿನವು.

ಒಂದೊಂದಾಗಿ ಬಿದ್ದುಹೋದ ಸಂಶಯಗಳು

ಇಂಥ ತನಿಖೆಯ ಮೊದಲ ತಿಂಗಳುಗಳ ಕೆಲಸವೆಲ್ಲ ಹೆಚ್ಚಾಗಿ ‘ಇದಲ್ಲ’ ಎಂದು ಸಾಧಿಸುವ ಕೆಲಸ. ಬಾಂಬ್ ಇತ್ತೇ? ಸ್ಫೋಟಕದ ಹತ್ತಿರವಿದ್ದ ಲೋಹದ ಮೇಲೆ ಸಿಡುಬಿನ ಕಲೆಯಂಥ ಸಣ್ಣ ಕುಳಿಗಳೂ ಹೊರಕ್ಕೆ ಸುರುಟಿದ ಅಂಚುಗಳೂ ಇರುತ್ತವೆ, ಅವು ಕಾಣಲಿಲ್ಲ. ಹಕ್ಕಿ ಬಡಿಯಿತೇ? ಅದರ ಕುರುಹೂ ಇರಲಿಲ್ಲ. ಎಂಜಿನ್ ನಿಂತಿತೇ? ತಿರುಗುತ್ತಿರುವ ಎಂಜಿನ್ ನೆಲಕ್ಕೆ ಬಡಿದರೆ ಅದರ ಮುಂಭಾಗದ ಅಲಗುಗಳು ತಿರುಗುವ ದಿಕ್ಕಿಗೆ ಎದುರಾಗಿ ಬಾಗುತ್ತವೆ. ನಿಂತ ಎಂಜಿನ್ನಿನ ಅಲಗುಗಳು ಏಟು ಬಿದ್ದ ಕಡೆ ಮಾತ್ರ ಜಜ್ಜಿಹೋಗುತ್ತವೆ. ಹಾರಾಟದ ಅಂಕಿಗಳನ್ನು ದಾಖಲಿಸುವ ದತ್ತಾಂಶ ಮುದ್ರಿಕೆಯಲ್ಲೂ ಎಂಜಿನ್‌ಗಳ ತೊಂದರೆ ಕಾಣಲಿಲ್ಲ.

ಥ್ರಸ್ಟ್ ರಿವರ್ಸರ್ ಬಗ್ಗೆ ಮಾತ್ರ ಗಂಭೀರ ಸಂಶಯ ಎದ್ದಿತ್ತು. ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ವ್ಯವಸ್ಥೆ ಅದು. 1991ರಲ್ಲಿ ಥೈಲೆಂಡಿನ ಮೇಲೆ ಬೋಯಿಂಗ್ 767 ಒಂದರಲ್ಲಿ ಅದು ಆಕಾಶದಲ್ಲೇ ತೆರೆದುಕೊಂಡು ವಿಮಾನ ಒಡೆದುಬಿದ್ದದ್ದು ಎಲ್ಲರ ನೆನಪಿನಲ್ಲಿತ್ತು. ಒಂದು ಪಕ್ಕದ ರಿವರ್ಸರ್ ತೆರೆದರೆ ವಿಮಾನ ಆ ಪಕ್ಕಕ್ಕೆ ಹೊರಳುವುದು ಸಹಜವೇ. ಆದರೆ ಬಡಿತದ ಏಟಿಗೆ ಎಂಜಿನ್ನಿನ ಕವಚವೆಲ್ಲ ಕಿತ್ತುಹೋಗಿರುವಾಗ ತೆರೆದದ್ದೋ, ಮುಚ್ಚಿದ್ದೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಅದಕ್ಕೆ ಒಳಗಿನ ಬೀಗವನ್ನೇ ಬಿಚ್ಚಿ ನೋಡಬೇಕು. ಬೀಗಗಳು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದವು. ಆ ಸಂಶಯವೂ ಅಲ್ಲಿಗೆ ಬಿತ್ತು.

ದತ್ತಾಂಶದ್ದು, ಕಾಕ್‌ಪಿಟ್ಟಿನ ಧ್ವನಿಯದು, ಹೀಗೆ ಎರಡು ಮುದ್ರಿಕೆಗಳೂ ಸಿಕ್ಕು ಓದಲು ಬಂದದ್ದು ಅದೃಷ್ಟ. ದುರದೃಷ್ಟವೆಂದರೆ ಆ ಕಾಲದ ದತ್ತಾಂಶ ಮುದ್ರಿಕೆ ಬಲು ಕಡಿಮೆ ಸಂಗತಿಗಳನ್ನು ದಾಖಲಿಸುತ್ತಿತ್ತು. ವೇಗ, ಎತ್ತರ, ಮೂತಿಯ ದಿಕ್ಕು, ವಾಲಿದ ಕೋನ ಇದ್ದವು. ಮೂತಿಯನ್ನು ಎಡಕ್ಕೋ ಬಲಕ್ಕೋ ಹೊರಳಿಸುವ ಬಾಲದ ಹಲಗೆ, ಅಂದರೆ ರಡ್ಡರ್, ಎಲ್ಲಿತ್ತು, ಪೈಲಟ್‌ನ ಕಾಲಡಿಯ ಪೆಡಲ್ ಎಲ್ಲಿತ್ತು ಎಂಬುದು ಇರಲಿಲ್ಲ. ಮೂತಿ ಎಡಕ್ಕೆ ಹೊರಳಿದ ರಭಸವನ್ನು ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿದಾಗ ಒಂದೇ ಉತ್ತರ ಹೊಂದುತ್ತಿತ್ತು: ಬಾಲದ ನೆಟ್ಟನೆಯ ರೆಕ್ಕೆಗೆ ಕೀಲಿಸಿದ ರಡ್ಡರ್ ಎಡಕ್ಕೆ, ಎದುರುಗಾಳಿ ಬಿಡುವಷ್ಟೂ ದೂರ, ಪೂರ್ತಿ ತಿರುಗಿತ್ತು. ಅದನ್ನು ತಿರುಗಿಸಿದ್ದು ಮನುಷ್ಯನ ಕಾಲೋ, ಯಂತ್ರವೋ? ತನಿಖೆ ಇಲ್ಲಿಗೆ ಬಂದು ನಿಂತಿತು. ಸುಳಿಗೆ ಸಿಕ್ಕಿ ಬೆಚ್ಚಿದ ಪೈಲಟ್ ತಪ್ಪು ಪೆಡಲ್ ಒತ್ತಿರಬಹುದೆಂಬ ಸಾಧ್ಯತೆಯನ್ನು ತಯಾರಕರು ಮುಂದಿಟ್ಟರು. ಪೈಲಟ್‌ಗಳ ಸಂಘ ರಡ್ಡರನ್ನು ನಡೆಸುವ ವಾಲ್ವಿನತ್ತ ಬೊಟ್ಟು ಮಾಡಿತು. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಅವಶೇಷಗಳು.

ಬಾಲದಿಂದ ತೆಗೆದ ವಾಲ್ವ್

ಬೋಯಿಂಗ್ 737ರಲ್ಲಿ ರಡ್ಡರ್ ಒಂದೇ ಹಲಗೆ, ಅದನ್ನು ತಿರುಗಿಸುವ ಮುಖ್ಯ ಹೈಡ್ರಾಲಿಕ್ ಘಟಕವೂ ಒಂದೇ. ಪೈಲಟ್ ಪೆಡಲ್ ಒತ್ತಿದಾಗ ತಂತಿಗಳ ಮೂಲಕ ಆ ಒತ್ತಡ ಬಾಲಕ್ಕೆ ಹೋಗಿ, ಘಟಕದೊಳಗಿನ ಸರ್ವೋ ವಾಲ್ವನ್ನು ಕದಲಿಸುತ್ತದೆ. ವಾಲ್ವ್ ದ್ರವವನ್ನು ಪಿಸ್ಟನ್ನಿನ ಈ ಮಗ್ಗುಲಿಗೋ ಆ ಮಗ್ಗುಲಿಗೋ ಬಿಡುತ್ತದೆ. ಕೈಮುಷ್ಟಿಯಲ್ಲಿ ಹಿಡಿಯಬಹುದಾದ ಆ ವಾಲ್ವಿನ ರಚನೆ ಹೀಗಿದೆ: ಹೊರಗೆ ಕವಚ, ಅದರೊಳಗೆ ಟೊಳ್ಳಾದ ಒಂದು ಸ್ಲೈಡ್, ಆ ಟೊಳ್ಳಿನೊಳಗೆ ಇನ್ನೊಂದು ಸ್ಲೈಡ್. ಮೂರರ ನಡುವಿನ ಸಂದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಿರಿದು. ಎರಡು ಸ್ಲೈಡ್ ಇಟ್ಟದ್ದು ಸುರಕ್ಷತೆಗಾಗಿಯೇ: ಒಂದು ಸಿಕ್ಕಿಹಾಕಿಕೊಂಡರೆ ಇನ್ನೊಂದು ಅದರ ಪರಿಣಾಮವನ್ನು ತಡೆಯಲಿ ಎಂದು. ಒಂದೇ ಹಲಗೆ, ಒಂದೇ ಘಟಕ ಸಾಕೆಂಬ ನಿರ್ಧಾರಕ್ಕೆ ಆಧಾರವಾಗಿದ್ದದ್ದು ಈ ಜೋಡಿಸ್ಲೈಡಿನ ಮೇಲಿನ ನಂಬಿಕೆ.

ಈ ಘಟಕ ಬಾಲದಲ್ಲಿದ್ದದ್ದರಿಂದ ಉಳಿಯಿತು. ಅದನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದಾಗ ವಾಲ್ವ್ ಕೆಲಸ ಮಾಡಿತು! ಸ್ಲೈಡುಗಳು ಸರಾಗವಾಗಿ ಜಾರಿದವು. ಬಿಚ್ಚಿ ಸೂಕ್ಷ್ಮದರ್ಶಕದಡಿ ನೋಡಿದರೆ ಗೀರಿಲ್ಲ, ಕಚ್ಚಿದ ಗುರುತಿಲ್ಲ. ದ್ರವದಲ್ಲಿ ಮಿತಿಗಿಂತ ಹೆಚ್ಚು ಕಸದ ಕಣಗಳಿದ್ದವು ನಿಜ. ಆದರೆ ಅದಕ್ಕಿಂತ ಕೊಳಕಾದ ದ್ರವವನ್ನು ಹರಿಸಿ ನೋಡಿದಾಗಲೂ ವಾಲ್ವ್ ಸಿಕ್ಕಿಕೊಳ್ಳಲಿಲ್ಲ. ಲೋಹದ ಚೂರೊಂದು ಸಂದಿನಲ್ಲಿ ಸಿಕ್ಕಿ ಸ್ಲೈಡನ್ನು ತಡೆದಿರಬಹುದೇ ಎಂದು, ಬೇರೆಬೇರೆ ಲೋಹಗಳ ಚೂರುಗಳನ್ನು ಬೇಕೆಂದೇ ಇದೇ ಬಗೆಯ ವಾಲ್ವಿನೊಳಗಿಟ್ಟು ಒತ್ತಿದರು. ಮೆತ್ತನೆಯ ಚೂರುಗಳು ಕತ್ತರಿಸಿಹೋದವು. ಸ್ಲೈಡನ್ನು ತಡೆಯುವಷ್ಟು ಗಟ್ಟಿಯಾದವು ಅಂಚಿನ ಮೇಲೆ ಕಣ್ಣಿಗೆ ಕಾಣುವ ಗಾಯ ಮಾಡಿದವು. ಅಪಘಾತದ ವಾಲ್ವಿನ ಮೇಲೆ ಅಂಥ ಗಾಯವಿರಲಿಲ್ಲ.

ಇಲ್ಲಿ ಒಂದು ಹಿಂದಿನ ಪ್ರಸಂಗವನ್ನು ನೆನೆಯಬೇಕು. 1992ರ ಜುಲೈಯಲ್ಲಿ ಶಿಕಾಗೊದಲ್ಲಿ ಇದೇ ಮಾದರಿಯ ವಿಮಾನವೊಂದರ ಪೈಲಟ್, ಹೊರಡುವ ಮೊದಲು ನೆಲದ ಮೇಲೆಯೇ ಪೆಡಲ್‌ಗಳನ್ನು ಪರೀಕ್ಷಿಸುವಾಗ ಒಂದು ಪೆಡಲ್ ನಡುವೆಯೇ ನಿಂತುಬಿಟ್ಟಿತು. ಆ ವಿಮಾನದ ಘಟಕವನ್ನು ಪರೀಕ್ಷಿಸಿದಾಗ, ಕೆಲವು ವಾಲ್ವುಗಳಲ್ಲಿ ಹೊರಗಿನ ಸ್ಲೈಡ್ ತನ್ನ ಎಲ್ಲೆ ಮೀರಿ ಜಾರಿದರೆ ರಡ್ಡರ್ ಹೇಳಿದ್ದಕ್ಕೆ ವಿರುದ್ಧವಾಗಿ ತಿರುಗಬಹುದೆಂದು ತಿಳಿದುಬಂದಿತ್ತು. 1994ರ ಆರಂಭದಲ್ಲಿ ಅಂಥ ವಾಲ್ವುಗಳನ್ನು ಐದು ವರ್ಷಗಳೊಳಗೆ ಬದಲಿಸಬೇಕೆಂಬ ಆದೇಶವೂ ಹೊರಟಿತ್ತು. ಅಂದರೆ, ‘ತಿರುವುಮುರುವು’ ಎಂಬ ಮಾತು ತನಿಖೆಗಾರರ ಕಿವಿಗೆ ಹೊಸದಾಗಿರಲಿಲ್ಲ. ಆದರೆ ಅದೇ ಪರೀಕ್ಷೆಗೆ ಒಡ್ಡಿದಾಗ ಈ ವಾಲ್ವ್ ಆ ದೋಷವನ್ನು ತೋರಿಸಲಿಲ್ಲ.

ಎರಡು ವರ್ಷದ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು: ರಡ್ಡರ್ ಎಡಕ್ಕೆ ತಿರುಗಿದ್ದು ನಿಶ್ಚಯ, ಅದನ್ನು ತಿರುಗಿಸುವ ಯಂತ್ರದಲ್ಲಿ ತಪ್ಪಿನ ಕುರುಹು ಇಲ್ಲ. ಕುರುಹು ಇಲ್ಲದ ಕಡೆ ಉಳಿಯುವವನು ಮಾತಾಡಲಾಗದ ಪೈಲಟ್. ಇಂಥ ಹೊತ್ತಿನಲ್ಲಿ ಮನುಷ್ಯನ ತಪ್ಪೆಂದು ಬರೆದು ಕಡತ ಮುಚ್ಚುವುದು ಎಷ್ಟು ಸುಲಭವಾಗಿತ್ತೆಂದು ಊಹಿಸಬಹುದು. ಹಾಗೆ ಮಾಡದೆ ಪರೀಕ್ಷೆ ಮುಂದುವರಿಸಿದ್ದು ಈ ಪ್ರಕರಣದ ಅತಿ ದೊಡ್ಡ ನಿರ್ಧಾರ ಎಂದು ನನ್ನ ಅಭಿಪ್ರಾಯ.

ಹೊರಗಿನಿಂದ ಬಂದ ಮೂರು ಸಂಗತಿಗಳು

ಮೊದಲನೆಯದು, ಸುಳಿಯ ಪರೀಕ್ಷೆ. 1995ರಲ್ಲಿ ಒಂದು 727ರ ರೆಕ್ಕೆಗಳಿಗೆ ಹೊಗೆ ಬಿಡುವ ಸಾಧನ ಕಟ್ಟಿ, ಅದರ ಸುಳಿಗಳು ಕಣ್ಣಿಗೆ ಕಾಣುವಂತೆ ಮಾಡಿ, ಹಿಂದಿನಿಂದ 737 ಒಂದನ್ನು ಆ ಸುಳಿಗಳೊಳಗೆ ಮತ್ತೆಮತ್ತೆ ನುಗ್ಗಿಸಿದರು. ಧ್ವನಿಮುದ್ರಿಕೆಯಲ್ಲಿ ಕೇಳಿಸಿದ್ದ ಅರ್ಥವಾಗದ ಧಡಕ್ ಶಬ್ದಗಳು ಸುಳಿಯು ವಿಮಾನದ ಮೈಗೆ ಬಡಿಯುವ ಶಬ್ದಗಳೆಂದು ಖಚಿತವಾಯಿತು. ಆದರೆ ಸುಳಿ ಎಷ್ಟು ವಾಲಿಸಿದರೂ ಪೈಲಟ್‌ಗಳು ಸಲೀಸಾಗಿ ಸರಿಪಡಿಸಿದರು. ಇದೇ ಹೊತ್ತಿಗೆ ನಡೆದ ಹಾರಾಟ ಪರೀಕ್ಷೆಗಳಲ್ಲಿ ಇನ್ನೊಂದು ವಿಷಯ ಹೊರಬಿತ್ತು. ರಡ್ಡರ್ ಒಂದು ಕಡೆ ಪೂರ್ತಿ ತಿರುಗಿದಾಗ ಅದನ್ನು ರೆಕ್ಕೆಗಳ ಮೇಲಿನ ಹಲಗೆಗಳಿಂದ ಸರಿದೂಗಿಸಲು ಒಂದು ಕನಿಷ್ಠ ವೇಗ ಬೇಕು. ಆ ಇಳಿಯುವ ಸಿದ್ಧತೆಯಲ್ಲಿ ಆ ಎಲ್ಲೆ ಇದ್ದದ್ದು 190 ನಾಟ್‌ನ ಆಸುಪಾಸಿನಲ್ಲೇ. ವಿಮಾನ ನಿಯಮದಂತೆಯೇ, ಸರಿಯಾದ ವೇಗದಲ್ಲೇ, ಕತ್ತಿಯಂಚಿನ ಮೇಲೆ ಹಾರುತ್ತಿತ್ತು.

ಎರಡನೆಯದು, ಬದುಕಿ ಬಂದ ವಿಮಾನ. 1996ರ ಜೂನ್‌ನಲ್ಲಿ ವರ್ಜೀನಿಯಾದ ರಿಚ್‌ಮಂಡ್ ಹತ್ತಿರ ಇನ್ನೊಂದು 737 ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿತು. ವೇಗ ಸುಮಾರು 250 ನಾಟ್ ಇದ್ದದ್ದರಿಂದ ಪೈಲಟ್‌ಗಳಿಗೆ ಹಿಡಿತ ಸಿಕ್ಕಿತು, ಅವರು ಕ್ಷೇಮವಾಗಿ ಇಳಿಸಿದರು. ಪೆಡಲ್ ಗಟ್ಟಿಯಾಗಿತ್ತು, ಒತ್ತಿದರೂ ಬಗ್ಗಲಿಲ್ಲ ಎಂದು ಹೇಳಲು ಒಬ್ಬ ಜೀವಂತ ಸಾಕ್ಷಿ ಸಿಕ್ಕ. ಅವಶೇಷವಾಗದೆ ಉಳಿದ ವಿಮಾನ ಅವಶೇಷಗಳಿಗಿಂತ ಹೆಚ್ಚು ಹೇಳಿತು.

ಮೂರನೆಯದೇ ನಿಜವಾದ ತಿರುವು. 1996ರ ಆಗಸ್ಟಿನಲ್ಲಿ ಅಪಘಾತದ ಘಟಕವನ್ನು ಕಡುಚಳಿಗೆ ಒಡ್ಡಿ, ಅದು ತಣ್ಣಗಾದ ಮೇಲೆ ಬಿಸಿಯಾದ ಹೈಡ್ರಾಲಿಕ್ ದ್ರವವನ್ನು ಒಮ್ಮೆಲೇ ಒಳಬಿಟ್ಟರು. ಬಿಸಿದ್ರವ ತಾಕಿದ ಒಳಗಿನ ಸ್ಲೈಡುಗಳು ಮೊದಲು ಹಿಗ್ಗುತ್ತವೆ. ಹೊರಗಿನ ಕವಚ ಇನ್ನೂ ತಣ್ಣಗೇ ಇರುತ್ತದೆ. ಅಷ್ಟು ಕಿರಿದಾದ ಸಂದು ಆ ಒಂದು ಕ್ಷಣ ಇಲ್ಲವಾಗುತ್ತದೆ. ಹೊರಗಿನ ಸ್ಲೈಡ್ ಕವಚಕ್ಕೆ ಕಚ್ಚಿಕೊಂಡಿತು. ಹೊಸ ಘಟಕವೊಂದನ್ನು ಇದೇ ಪರೀಕ್ಷೆಗೆ ಒಡ್ಡಿದಾಗ ಅದು ಕಚ್ಚಲಿಲ್ಲ. ಅಪಘಾತದ ವಾಲ್ವಿನ ಸಂದು ಇತರ ವಾಲ್ವುಗಳಿಗಿಂತ ಬಿಗಿಯಾಗಿತ್ತು. ಪರೀಕ್ಷೆಯಲ್ಲಿದ್ದ ಬಿಸಿ-ತಂಪಿನ ಅಂತರ ಸಾಮಾನ್ಯ ಹಾರಾಟದಲ್ಲಿ ಕಾಣುವುದಕ್ಕಿಂತ ವಿಪರೀತವಾದದ್ದು ಎಂಬ ಆಕ್ಷೇಪ ಬಂತು, ಅದರಲ್ಲಿ ಸತ್ಯವೂ ಇತ್ತು. ಆದರೆ ಪರೀಕ್ಷೆಯ ಬೆಲೆ ಬೇರೆಡೆ ಇತ್ತು. ಕಚ್ಚಿ ಬಿಟ್ಟ ಮೇಲೆ ವಾಲ್ವನ್ನು ಬಿಚ್ಚಿ ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟರು. ಗೀರಿರಲಿಲ್ಲ. ಕಚ್ಚಿದ ಗುರುತಿರಲಿಲ್ಲ. ಕಣ್ಣೆದುರೇ ಸಿಕ್ಕಿಕೊಂಡಿದ್ದ ವಾಲ್ವ್ ಈಗ ಎರಡು ವರ್ಷದ ಹಿಂದಿನಂತೆಯೇ ನಿರ್ಮಲವಾಗಿ ಕೂತಿತ್ತು.

ಎರಡು ವರ್ಷ ಕಾಲ ‘ಗುರುತಿಲ್ಲ, ಆದ್ದರಿಂದ ಸಿಕ್ಕಿಕೊಂಡಿಲ್ಲ’ ಎಂದು ಓದಲಾಗಿದ್ದ ಸಾಕ್ಷ್ಯದ ಅರ್ಥ ಆ ಪರೀಕ್ಷೆಯೊಡನೆ ಬದಲಾಯಿತು. ಸಾಕ್ಷ್ಯ ಬದಲಾಗಿರಲಿಲ್ಲ.

ಇನ್ನೂ ಒಂದು ಕೊಂಡಿ ಉಳಿದಿತ್ತು. ಹೊರಗಿನ ಸ್ಲೈಡ್ ಕಚ್ಚಿದರೆ ಒಳಗಿನದು ಅದನ್ನು ಸರಿದೂಗಿಸಬೇಕಿತ್ತಲ್ಲ, ವಿನ್ಯಾಸದ ಉದ್ದೇಶವೇ ಅದಲ್ಲವೇ? ಅದೇ ವರ್ಷದ ಅಕ್ಟೋಬರಿನಲ್ಲಿ ತಯಾರಕರ ಕಡೆಯ ಎಂಜಿನಿಯರೊಬ್ಬರು ಆಗಸ್ಟಿನ ಪರೀಕ್ಷೆಯ ಅಂಕಿಗಳನ್ನು ಮತ್ತೊಮ್ಮೆ ನೋಡುತ್ತಿದ್ದಾಗ, ಯಾರೂ ಗಮನಿಸದಿದ್ದ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಹೊರಗಿನದು ಕಚ್ಚಿರುವಾಗ ಪೆಡಲನ್ನು ಜೋರಾಗಿ ತುಳಿದರೆ, ನಡುವಿನ ಸನ್ನೆಕೋಲುಗಳು ತುಸು ಬಾಗಿ, ಒಳಗಿನ ಸ್ಲೈಡ್ ತಾನು ನಿಲ್ಲಬೇಕಾದ ಜಾಗವನ್ನು ದಾಟಿ ಮುಂದೆ ಜಾರುತ್ತದೆ. ದಾಟಿದ ಮೇಲೆ ತೆರೆದುಕೊಳ್ಳುವ ರಂಧ್ರ ಬೇರೆಯದು, ದ್ರವ ಹೋಗುವುದು ಪಿಸ್ಟನ್ನಿನ ತಪ್ಪು ಮಗ್ಗುಲಿಗೆ. ಪೈಲಟ್ ಬಲಗಾಲಿನಿಂದ ಒತ್ತುತ್ತಾನೆ, ರಡ್ಡರ್ ಎಡಕ್ಕೆ ತಿರುಗುತ್ತದೆ, ಬಲಪೆಡಲ್ ಕಾಲನ್ನೇ ಹಿಂದಕ್ಕೆ ತಳ್ಳುತ್ತದೆ. ಅವನು ಇನ್ನೂ ಜೋರಾಗಿ ತುಳಿದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಸುರಕ್ಷತೆಗೆಂದು ಇಟ್ಟ ಎರಡನೆಯ ಸ್ಲೈಡೇ ಆಜ್ಞೆಯನ್ನು ತಲೆಕೆಳಗು ಮಾಡುತ್ತಿತ್ತು. ದೋಷವನ್ನು ಕಂಡದ್ದು ಅದನ್ನು ಕಾಣದಿದ್ದರೆ ಅನುಕೂಲವಾಗುತ್ತಿದ್ದ ಪಕ್ಷದಲ್ಲಿದ್ದವರೇ ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಇದಾದ ಮೇಲೆ ಧ್ವನಿಮುದ್ರಿಕೆಯೂ ಬೇರೆ ರೀತಿ ಕೇಳಿಸತೊಡಗಿತು. ಪೈಲಟ್‌ಗಳ ಏದುಸಿರು, ಮುಲುಕುವ ಸದ್ದುಗಳು ಮೊದಲಿನಿಂದಲೂ ಅದರಲ್ಲಿದ್ದವು. ಮಾತು ಮತ್ತು ಉಸಿರಾಟವನ್ನು ವಿಶ್ಲೇಷಿಸುವ ತಜ್ಞರು ಅವುಗಳ ಹೊತ್ತನ್ನೂ ತೀವ್ರತೆಯನ್ನೂ ಅಳೆದು, ಅದು ಬರೀ ಭಯದ ಸದ್ದಲ್ಲ, ಕದಲದ ಯಾವುದನ್ನೋ ಮೈಬಲ ಹಾಕಿ ಒತ್ತುವವನ ಸದ್ದು ಎಂದು ಕಂಡರು. ಆ ಸದ್ದುಗಳು ಎದ್ದ ಕ್ಷಣವೂ, ಕಂಪ್ಯೂಟರ್ ಲೆಕ್ಕ ತೋರಿಸಿದ ರಡ್ಡರ್ ತಿರುಗಿದ ಕ್ಷಣವೂ ಹೊಂದಿಕೊಂಡವು.

ಫಲಿತಾಂಶ ಮತ್ತು ಅದರ ಓದು

1999ರ ಮಾರ್ಚಿನಲ್ಲಿ, ಅಪಘಾತವಾಗಿ ನಾಲ್ಕೂವರೆ ವರ್ಷಗಳ ಮೇಲೆ, ಮಂಡಳಿ ತನ್ನ ಅಂತಿಮ ತೀರ್ಮಾನವನ್ನು ಪ್ರಕಟಿಸಿತು. ಸರ್ವೋ ವಾಲ್ವಿನ ಹೊರಗಿನ ಸ್ಲೈಡ್ ಕವಚಕ್ಕೆ ಸಿಕ್ಕಿಕೊಂಡು, ಒಳಗಿನ ಸ್ಲೈಡ್ ಎಲ್ಲೆ ಮೀರಿ ಜಾರಿದ್ದರಿಂದ ರಡ್ಡರ್ ಬಹುಶಃ ಪೈಲಟ್‌ನ ಆಜ್ಞೆಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿತ್ತು ಎಂಬುದು ಅದರ ಸಾರ. ‘ಬಹುಶಃ’ ಎಂಬ ಪದವನ್ನು ತಪ್ಪದೆ ಇಟ್ಟುಕೊಂಡರು. ಯಾಕೆಂದರೆ ಆ ಗುಡ್ಡದಿಂದ ತಂದ ಯಾವ ತುಣುಕೂ ಅದನ್ನು ತಾನಾಗಿ ಹೇಳಿರಲಿಲ್ಲ. ತೀರ್ಮಾನ ನಿಂತದ್ದು ಹಾರಾಟದ ದತ್ತಾಂಶ, ಸದ್ದು, ಬದುಕುಳಿದ ವಿಮಾನ ಮತ್ತು ಪ್ರಯೋಗಾಲಯದ ಚಳಿ, ಈ ನಾಲ್ಕೂ ಒಂದೇ ಕಡೆ ಬೆರಳು ತೋರಿದ್ದರ ಮೇಲೆ.

2002ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಈ ಮಾದರಿಯ ವಿಮಾನಗಳ ರಡ್ಡರ್ ವ್ಯವಸ್ಥೆಯನ್ನೇ ಹೊಸ ವಿನ್ಯಾಸಕ್ಕೆ ಬದಲಿಸಲು ಆರು ವರ್ಷಗಳ ಗಡುವಿನ ಆದೇಶ ಹೊರಡಿಸಿತು. ದತ್ತಾಂಶ ಮುದ್ರಿಕೆಗಳು ಹೆಚ್ಚು ಸಂಗತಿಗಳನ್ನು ದಾಖಲಿಸಬೇಕೆಂಬ ನಿಯಮ ಅದಕ್ಕೂ ಮೊದಲೇ, 1997ರಲ್ಲಿ ಬಂದಿತ್ತು. ಪೆಡಲ್ ಎಲ್ಲಿತ್ತು, ರಡ್ಡರ್ ಎಲ್ಲಿತ್ತು ಎಂಬ ಎರಡು ಅಂಕಿಗಳು 1994ರಲ್ಲಿ ಇದ್ದಿದ್ದರೆ ಕೆಲವೇ ವಾರಗಳಲ್ಲಿ ಮುಗಿಯಬಹುದಾಗಿದ್ದ ವಾದ ಅದು.

ಅವಶೇಷ ಓದುವವರಿಗೆ ಈ ಪ್ರಕರಣದಲ್ಲಿ ಎದ್ದು ಕಾಣುವುದು ಎರಡು ಬಗೆಯ ‘ಇಲ್ಲ’ಗಳ ನಡುವಿನ ವ್ಯತ್ಯಾಸ. ಬಾಂಬ್ ಸಿಡಿದಿದ್ದರೆ ಕುಳಿ ಬೀಳಲೇಬೇಕು. ಕುಳಿ ಇಲ್ಲವೆಂದರೆ ಬಾಂಬ್ ಇಲ್ಲ. ರಿವರ್ಸರ್ ತೆರೆದಿದ್ದರೆ ಬೀಗ ತೆರೆದಿರಲೇಬೇಕು. ಬೀಗ ಮುಚ್ಚಿದೆ ಎಂದರೆ ಅದೂ ಇಲ್ಲ. ಇವು ಗಟ್ಟಿಯಾದ ‘ಇಲ್ಲ’ಗಳು. ವಾಲ್ವಿನ ಮೇಲೆ ಗೀರಿಲ್ಲ ಎಂಬುದನ್ನೂ ಅದೇ ಸಾಲಿಗೆ ಸೇರಿಸಿದ್ದು ತಪ್ಪಾಯಿತು. ಸಿಕ್ಕಿಕೊಂಡಿದ್ದರೆ ಗೀರು ಬೀಳಲೇಬೇಕೆಂದು ಯಾರೂ ಅದುವರೆಗೆ ಸಾಧಿಸಿರಲಿಲ್ಲ, ಎಲ್ಲರೂ ಭಾವಿಸಿದ್ದರು ಅಷ್ಟೆ. ಚೂರುಗಳ ಪರೀಕ್ಷೆ ಚೂರಿನ ವಿಚಾರದಲ್ಲಿ ಮಾತ್ರ ಅದನ್ನು ಸಾಧಿಸಿತ್ತು. ಬಿಸಿ-ತಂಪಿನ ವಿಚಾರದಲ್ಲಿ ಯಾರೂ ಕೇಳಿರಲಿಲ್ಲ.

ಈ ಕಥೆಗೆ ಒಂದು ಹಳೆಯ ಅಧ್ಯಾಯವೂ ಇದೆ. 1991ರ ಮಾರ್ಚ್ 3ರಂದು ಕೊಲೊರಾಡೊ ಸ್ಪ್ರಿಂಗ್ಸ್ ನಗರದಲ್ಲಿ ಇಳಿಯುತ್ತಿದ್ದ 737 ಒಂದು ಇದೇ ರೀತಿ ಉರುಳಿ, ಮೂತಿ ಕೆಳಗಾಗಿ ನೆಲಕ್ಕೆ ಬಡಿದು, ಸುಮಾರು 15 ಅಡಿ ಆಳದ ಗುಂಡಿ ತೋಡಿತ್ತು. 25 ಮಂದಿ ಸತ್ತಿದ್ದರು. ಅದರ ಮುದ್ರಿಕೆ ದಾಖಲಿಸುತ್ತಿದ್ದದ್ದು ಐದೇ ಸಂಗತಿಗಳನ್ನು. ಆ ಅವಶೇಷಗಳಲ್ಲಿ ತನಿಖೆಗಾರರ ಕಣ್ಣಿಗೆ ಬಿದ್ದ ಗುರುತು, ರಡ್ಡರಿನ ತುರ್ತುಬಳಕೆಯ ಘಟಕದ ಬೇರಿಂಗ್ ಉಜ್ಜಿ ಸವೆದಿದ್ದದ್ದು. ಅಷ್ಟರಿಂದ ವಿಮಾನ ಉರುಳಲಾರದೆಂದು ಲೆಕ್ಕ ಹಾಕಿ, ಗುಡ್ಡಗಳ ಕಡೆಯಿಂದ ಬರುವ ಸುಂಟರಗಾಳಿಯನ್ನೂ ತೂಗಿ ನೋಡಿ, 1992ರ ಕೊನೆಯಲ್ಲಿ ಕಾರಣ ತಿಳಿಯದೆಂದು ಬರೆದು ಮುಗಿಸಿದ್ದರು. 2001ರಲ್ಲಿ ಮಂಡಳಿ ಆ ವರದಿಯನ್ನು ಹಿಂತೆಗೆದು, ಅದೇ ವಾಲ್ವಿನ ಅದೇ ತಿರುವುಮುರುವನ್ನು ಕಾರಣವಾಗಿ ಬರೆಯಿತು. ಹತ್ತು ವರ್ಷಗಳ ಹಿಂದಿನ ಆ ಗುಂಡಿಯಿಂದ ಹೊಸದಾಗಿ ಒಂದು ತಿರುಪನ್ನೂ ಯಾರೂ ಹೊರತೆಗೆದಿರಲಿಲ್ಲ.